ಕರಿಬಸಯ್ಯನ ಖಾನಾವಳಿಯ ಅತಿ ಸಣ್ಣ ಗಿರಾಕಿ

ಸಿಂಧನೂರಿನ ಬಸ್ ನಿಲ್ದಾಣದ ಗದ್ದಲ ದಾಟಿ, ಅಕ್ಕಿ ಗಿರಣಿಗಳ ಸಾಲು ಶುರುವಾಗುವ ಮೊದಲೇ ಒಂದು ಓಣಿ ಎಡಕ್ಕೆ ಹೊರಳುತ್ತದೆ. ಆ ಓಣಿಯ ಬಾಯಲ್ಲೇ ಕರಿಬಸಯ್ಯನ ಖಾನಾವಳಿ. ಮುಂದೆ ಊಟದ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಮನೆ. ಬಾಗಿಲ ಮೇಲಿನ ಫಲಕದ ಅಕ್ಷರಗಳು ಬಿಸಿಲಿಗೆ ಅಳಿಸಿಹೋಗಿವೆ. ಹೊಸದಾಗಿ ಬರೆಸಬೇಕೆಂದು ಯಾರಿಗೂ ಅನ್ನಿಸಿಲ್ಲ. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೇ ಕೇಳುತ್ತದೆ, ಹಸಿದವರು ಅದನ್ನೇ ಹಿಡಿದು ಬರುತ್ತಾರೆ.

ಐವತ್ತೈದು ದಾಟಿದ ಕರಿಬಸಯ್ಯನಿಗೆ ತನ್ನ ಬಗ್ಗೆ ಒಂದೇ ಒಂದು ಹೆಮ್ಮೆ ಇತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವ ರೀತಿ ನೋಡಿಯೇ ಬಂದವನ ಹಸಿವು ಎಷ್ಟೆಂದು ಹೇಳಬಲ್ಲೆ ಅನ್ನುತ್ತಿದ್ದ. ಗಿರಣಿಯಲ್ಲಿ ಮೂಟೆ ಹೊರುವ ಪರ್ವೇಜ್ ಚಪ್ಪಲಿಯನ್ನು ಒಂದೆಡೆಗೆ ಒದ್ದು ಒಳಗೆ ಬಂದರೆ, ಅವನು ಕೂಡುವ ಮೊದಲೇ ತಟ್ಟೆಯಲ್ಲಿ ರೊಟ್ಟಿಗಳ ಗುಡ್ಡೆ ಬಿದ್ದಿರುತ್ತಿತ್ತು. ಬ್ಯಾಂಕಿನ ಗುಮಾಸ್ತರು ಬಂದರೆ ಅನ್ನ, ಸಾರು, ಮೇಲೊಂದು ಹಪ್ಪಳ. ಕಾಲೇಜಿನ ಹುಡುಗರಿಗೆ ಕೇಳದೆಯೇ ಎರಡನೇ ಸಲ ಮಡಿಕೆಕಾಳಿನ ಪಲ್ಯ. ಬೆಳೆಯುವ ಎಲುಬು ಬೇಡುತ್ತದೆ ಎಂಬುದು ಅವನ ಲೆಕ್ಕ. ಅಳತೆಯಲ್ಲಿ ಹೀಗೆ ಹೆಚ್ಚುಕಡಿಮೆ ಮಾಡುತ್ತಿದ್ದನೇ ಹೊರತು ಅಡುಗೆಯಲ್ಲಿ ಮಾಡುತ್ತಿರಲಿಲ್ಲ. ಒಲೆಯ ಮೇಲೆ ಇದ್ದದ್ದೇ ಎಲ್ಲರಿಗೂ. ಖಾರ ಕಡಿಮೆ ಮಾಡು, ಮೆತ್ತಗೆ ಮಾಡು ಎಂದು ಕೇಳಿದವರಿಗೆ ಮಜ್ಜಿಗೆಯ ಚೊಂಬು ಮುಂದಿಟ್ಟು ನಕ್ಕುಬಿಡುತ್ತಿದ್ದ.

ಈ ನಿಯಮ ಅವನ ತಾಯಿ ಅಂಬಮ್ಮನದು. ಕಾಲುವೆ ನೀರು ಬಂದು ಊರಿನ ಸುತ್ತ ಭತ್ತ ಹಸಿರಾದ ಮೇಲೆ, ಲಿಂಗಸುಗೂರಿನ ಕಡೆಯಿಂದ ಅವಳ ಗಂಡ ಗಿರಣಿಯ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ. ಅವನು ಬೇಗ ತೀರಿಕೊಂಡಾಗ ಅಂಬಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹಮಾಲರಿಗೆ ರೊಟ್ಟಿ ಹಾಕಲು ಕುಳಿತಳು. ಖಾನಾವಳಿ ಹುಟ್ಟಿದ್ದು ಹಾಗೆ. ಈಗ ಅವಳಿಗೆ ಎಂಬತ್ತರ ಆಸುಪಾಸು. ಹಲ್ಲು ಒಂದೂ ಉಳಿದಿಲ್ಲ. ಮಗನ ಗಟ್ಟಿ ರೊಟ್ಟಿ ಅವಳಿಗೆ ಆಗುತ್ತಿರಲಿಲ್ಲ, ಆದರೆ ಬೇರೆ ಅಡುಗೆ ಕೇಳುವುದು ತನ್ನ ನಿಯಮ ತಾನೇ ಮುರಿದಂತೆ. ಅದಕ್ಕೇ ಚಹಾದಲ್ಲಿ ಟೋಸ್ಟ್ ಅದ್ದಿ ತಿಂದು, ಹಸಿವಿಲ್ಲ ಎಂದು ಮಲಗಿಬಿಡುತ್ತಿದ್ದಳು. ಬಂದವರ ಹಸಿವು ಓದುವ ಕರಿಬಸಯ್ಯ ತಾಯಿಯ ಮಾತನ್ನು ನಂಬಿಕೊಂಡಿದ್ದ.

ಅಂಥ ಮನೆಗೆ ಮಗಳು ಅನುಪಮಾ ಚೊಚ್ಚಲ ಬಾಣಂತನಕ್ಕೆ ಬಂದಳು. ಮಸ್ಕಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಅವಳದು. ಗಂಡ ಪಂಪಾಪತಿ ಅಲ್ಲಿಯೇ ವಿದ್ಯುತ್ ಕಚೇರಿಯಲ್ಲಿದ್ದ. ಬೇಸಿಗೆ ಆಗಷ್ಟೇ ಕಾವೇರುತ್ತಿದ್ದ ದಿನಗಳಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಕರಿಬಸಯ್ಯ ಅಂದು ಒಲೆಯನ್ನು ಹೆಂಡತಿ ಶಿವಕುಮಾರಿಗೂ ಬಿಡದೆ ಸೀದಾ ಆರಿಸಿ, ಅಂಗಿಯ ಜೇಬಿನಲ್ಲಿ ಜೇನುತುಪ್ಪದ ಪುಟ್ಟ ಸೀಸೆ ಇಟ್ಟುಕೊಂಡು ಆಸ್ಪತ್ರೆಗೆ ಓಡಿದ. ಇಡೀ ಊರಿಗೆ ಉಣ್ಣಿಸಿದ ಕೈಯೇ ಮೊಮ್ಮಗಳ ನಾಲಿಗೆಗೆ ಮೊದಲ ರುಚಿ ಮುಟ್ಟಿಸಬೇಕು ಎಂಬುದು ಅವನ ಆಸೆ.

ಬೆರಳು ಇನ್ನೂ ಕೂಸಿನ ತುಟಿಯ ಹತ್ತಿರ ಹೋಗಿತ್ತಷ್ಟೆ, ಸಿಸ್ಟರ್ ಪದ್ಮಾವತಿ ಆ ಬೆರಳನ್ನೇ ಹಿಡಿದುಕೊಂಡಳು. ಅವಳು ಗಟ್ಟಿ ದನಿಯ, ನಗುಮುಖದ ಹೆಂಗಸು.

"ಅಜ್ಜಾರ, ಇದು ನಿಮ್ಮ ಖಾನಾವಳಿ ಅಲ್ಲರೀ. ಇಲ್ಲಿ ಬಡಸಾಕಿ ತಾಯಿ ಒಬ್ಬಾಕೀನ. ಆರು ತಿಂಗಳತನಕ ನೀರು ಸೈತ ಬ್ಯಾಡ."

"ಈ ಬಿಸಲಾಗ?"

"ಈ ಬಿಸಲಾಗೂ. ಬೇಕಾದಷ್ಟು ನೀರು ಆ ಹಾಲಿನಾಗ ಐತ್ರಿ. ಜೇನಂತೂ ವರ್ಷ ತುಂಬೂತನಕ ಹತ್ರ ತರಬ್ಯಾಡ್ರಿ, ಕೂಸಿಗೆ ಅದು ಆಗಂಗಿಲ್ಲ."

ಮೊದಲೆರಡು ದಿನದ ದಪ್ಪ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಕೆಂದು ಅಂಬಮ್ಮ ಹೇಳಿ ಕಳಿಸಿದ್ದಳು. ಅದನ್ನೂ ಪದ್ಮಾವತಿ ನಡೆಯಗೊಡಲಿಲ್ಲ. ಆ ಹಾಲೇ ಕೂಸಿನ ಮೊದಲ ಲಸಿಕೆ ಇದ್ದಂತೆ ಎಂದು ತಾನೇ ಕುಳಿತು ಕುಡಿಸಿದಳು. ಕರಿಬಸಯ್ಯ ಜೇನಿನ ಸೀಸೆಯನ್ನು ಜೇಬಿಗೆ ಹಾಕಿಕೊಂಡು ಹೊರಬಂದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ಬಂದ ಸಿಟ್ಟಿಗೆ ಅರ್ಧ ಜೇನನ್ನು ತಾನೇ ನೆಕ್ಕಿ ಮುಗಿಸಿದ.

ಮನೆಗೆ ಬಂದ ಮೇಲೆ ಬಾಣಂತಿಯ ಕೋಣೆ ಅಂಬಮ್ಮನ ಆಳ್ವಿಕೆಗೆ ಒಳಪಟ್ಟಿತು. ತನ್ನ ಅತ್ತೆ ತನಗೆ ಹೇಗೆ ಮಾಡಿದ್ದಳೋ ಹಾಗೆಯೇ ಮಾಡಬೇಕು ಎಂದು ಮುದುಕಿ ಹಟ ಹಿಡಿದಳು. ಒಣ ರೊಟ್ಟಿಯ ಚೂರು, ಬೆಳ್ಳುಳ್ಳಿ ಖಾರ, ಮೆಣಸಿನ ಸಾರು ಕಲಸಿದ ಹಿಡಿ ಅನ್ನ. ಬೇಳೆ ಕೊಟ್ಟರೆ ಕೂಸಿಗೆ ವಾಯು, ಸೊಪ್ಪು ಕೊಟ್ಟರೆ ಹಸಿರು ಭೇದಿ, ಹಣ್ಣು ತಂಪು. ನೀರಂತೂ ಗುಟುಕು ಲೆಕ್ಕ, ಹೆಚ್ಚು ಕುಡಿದರೆ ಹೊಟ್ಟೆ ಜೋಲುತ್ತದೆ ಎಂದು ಅವಳ ವಾದ. ಅನುಪಮಾ ಎರಡು ಸಲ ಎದುರು ಮಾತಾಡಿ ನೋಡಿದಳು. ಅಜ್ಜಿ ಕಣ್ಣಲ್ಲಿ ನೀರು ತಂದುಕೊಂಡು, ನಾನೇನು ನಿನ್ನ ವೈರಿಯೇ ಎಂದು ಕೇಳಿದ ಮೇಲೆ ಸುಮ್ಮನಾದಳು.

ಕೂಸು ಮಾತ್ರ ಸುಮ್ಮನಾಗಲಿಲ್ಲ. ಅತ್ತು ಅತ್ತು ಓಣಿಯನ್ನೇ ಎಬ್ಬಿಸುತ್ತಿತ್ತು. ಹಾಲು ಸಾಲುತ್ತಿಲ್ಲ ಎಂಬ ಮಾತು ಯಾರ ಬಾಯಿಂದ ಮೊದಲು ಬಂತೋ, ಬೇಗನೆ ಎಲ್ಲರ ಬಾಯಲ್ಲೂ ಅದೇ ಆಯಿತು. ಶಿವಕುಮಾರಿ ಮರುಕಪಟ್ಟು, ಕಾಯಿಸಿ ಆರಿಸಿದ ಸಕ್ಕರೆ ನೀರನ್ನು ಆಗಾಗ ಚಮಚದಲ್ಲಿ ಹಾಕತೊಡಗಿದಳು. ಅದನ್ನು ಕುಡಿದ ಕೂಸು ತುಸು ಹೊತ್ತು ಮಲಗುತ್ತಿತ್ತು, ಎದ್ದರೆ ಮೊಲೆ ಹಿಡಿಯಲು ಬೇಸರ. ಪಂಪಾಪತಿ ರವಿವಾರ ಮಸ್ಕಿಯಿಂದ ಬರುವಾಗ ಪುಡಿ ಹಾಲಿನ ಡಬ್ಬಿ ಹಿಡಿದುಕೊಂಡು ಬಂದ. ಯಾರೂ ಅವನಿಗೆ ತರಲು ಹೇಳಿರಲಿಲ್ಲ, ಬೇಡವೆನ್ನಲೂ ಇಲ್ಲ. ಡಬ್ಬಿ ಗೂಡಿನಲ್ಲಿ ಕುಳಿತಿತು. ಅನುಪಮಾ ಅದನ್ನು ನೋಡಿದಾಗಲೆಲ್ಲ ಮುಖ ತಿರುಗಿಸುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಊಟದವರೆಲ್ಲ ಎದ್ದುಹೋಗಿದ್ದರು. ಕರಿಬಸಯ್ಯ ಸಂತೆಯಲ್ಲಿ ಬದನೆಕಾಯಿ ನೋಡಲೆಂದು ಹೊರಟವನು, ಚೀಲ ಮರೆತು ಅರ್ಧ ದಾರಿಯಿಂದ ತಿರುಗಿ ಬಂದ. ಅಡುಗೆಮನೆಯಲ್ಲಿ ರೊಟ್ಟಿಯ ಬುಟ್ಟಿಯ ಮುಂದೆ ಯಾರೋ ನಿಂತಿದ್ದರು. ಬೆಕ್ಕಿರಬೇಕು ಅಂದುಕೊಂಡವನಿಗೆ ಕಂಡದ್ದು ಮಗಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಒಂದು ಕೈಯಲ್ಲಿ ರೊಟ್ಟಿಯ ಸುರುಳಿ, ಇನ್ನೊಂದು ಕೈ ಪುಂಡಿಪಲ್ಯದ ಪಾತ್ರೆಯೊಳಗೆ. ಬಾಯಿ ತುಂಬಿತ್ತು. ತಂದೆಯನ್ನು ಕಂಡವಳೇ ಅಗಿಯುವುದನ್ನು ನಿಲ್ಲಿಸಿಬಿಟ್ಟಳು. ಶಾಲೆಯಲ್ಲಿ ನೂರು ಮಕ್ಕಳನ್ನು ಕಣ್ಸನ್ನೆಯಲ್ಲಿ ಕೂರಿಸುವ ಹುಡುಗಿ ಕಳ್ಳಿಯ ಹಾಗೆ ನಿಂತಿದ್ದಳು.

"ಹಸಿವಪ್ಪಾ," ಅಂದಳು ಕಷ್ಟಪಟ್ಟು ನುಂಗಿ. "ಕೂಸು ಕುಡದಂಗೆಲ್ಲಾ ಹೊಟ್ಟಿ ಒಳಗ ಯಾರೋ ಬಾವಿ ತೋಡಿದಂಗ ಆಕೈತಿ. ಬಸುರಿದ್ದಾಗ ಸೈತ ಹಿಂಗ ಹಸಿದಿಲ್ಲ ನಾ. ಅಜ್ಜಿಗೆ ಹೇಳಬ್ಯಾಡ."

ಮಗಳ ಕೆನ್ನೆ ಒಳಗೆ ಹೋಗಿದ್ದು, ಕೊರಳಿನ ಎಲುಬು ಎದ್ದಿದ್ದು ಕರಿಬಸಯ್ಯ ಈಗ ನೋಡಿದ. ದಿನಾ ಕಾಣುತ್ತಿದ್ದ ಮುಖವೇ ಅದು. ಅವಳ ಕೈಯಿಂದ ಪಾತ್ರೆ ಇಸಿದುಕೊಂಡ.

"ನಿಂತು ಉಣ್ಣಬ್ಯಾಡ," ಅಂದ. "ನನ್ನ ಖಾನಾವಳ್ಯಾಗ ಇಲ್ಲೀತನಕ ಯಾರೂ ನಿಂತು ಉಂಡಿಲ್ಲ. ಬಾ, ಕೂಡು."

ಪಡಸಾಲೆಯಲ್ಲಿ, ಪರ್ವೇಜ್ ದಿನಾ ಕೂಡುವ ಜಾಗದಲ್ಲಿ ಮಗಳನ್ನು ಕೂರಿಸಿ, ತಟ್ಟೆ ತೊಳೆದು ಇಟ್ಟ. ಒಲೆ ಮತ್ತೆ ಹೊತ್ತಿಸಿ ಬಿಸಿ ರೊಟ್ಟಿ ಹಾಕಿದ. ತೊಗರಿಬೇಳೆಯ ಪಪ್ಪು, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಒಂದು ದೊಡ್ಡ ತಂಬಿಗೆ ನೀರು. ಅನುಪಮಾ ತಲೆ ಎತ್ತದೆ ಉಂಡಳು. ಎಷ್ಟು ರೊಟ್ಟಿ ಬಿದ್ದವು ಎಂದು ಎಣಿಸುವುದನ್ನು ಅವನು ನಡುವೆಯೇ ಬಿಟ್ಟುಬಿಟ್ಟ. ತಂಬಿಗೆ ಎರಡನೇ ಸಲ ತುಂಬಿಸಿದ. ಕೊನೆಗೆ ಅವಳು ಗೋಡೆಗೆ ಒರಗಿ ಉಸಿರು ಬಿಟ್ಟು, ಸಣ್ಣವಳಿದ್ದಾಗಿನ ಹಾಗೆ ನಕ್ಕಳು. ಕರಿಬಸಯ್ಯ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡು, ಹೊಗೆ ಬಹಳ ಎಂದು ತನಗೆ ತಾನೇ ಹೇಳಿಕೊಂಡ. ಆ ಒಲೆ ಗ್ಯಾಸಿನದು.

ಅಂದು ಸಂಜೆಯೇ ಅವನು ತಾಯಿಯ ಮುಂದೆ ಹೋಗಿ ನಿಂತ. ಇನ್ನು ಮೇಲೆ ಬಾಣಂತಿಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಊಟ, ಬೇಳೆಯೂ ಸೊಪ್ಪೂ ಸೇರಿಸಿ, ಎಂದು ಹೇಳಿದ. ಅಂಬಮ್ಮ ಸೆರಗು ಸರಿಮಾಡಿಕೊಂಡು ಯುದ್ಧಕ್ಕೆ ತಯಾರಾದಳು. ತಾನು ಈ ರಿವಾಜಿನಲ್ಲೇ ಬಾಣಂತನ ಮಾಡಿಸಿಕೊಂಡು ಕರಿಬಸಯ್ಯನನ್ನು ಗುಂಡುಕಲ್ಲಿನಂತೆ ಬೆಳೆಸಿದೆ, ಮೆಣಸಿನ ಸಾರಿನ ಹೊರತು ಬಾಯಿಗೆ ಏನೂ ಇಟ್ಟಿರಲಿಲ್ಲ ಎಂದು ಆಣೆ ಮಾಡುವವಳಂತೆ ಹೇಳಿದಳು.

ಆಗ ಪಕ್ಕದ ಮನೆಯ ಜುಬೇದಾಬೀ ಕೂಸನ್ನು ನೋಡಲು ಬಂದು ಅಲ್ಲೇ ಕುಳಿತಿದ್ದಳು. ಅಂಬಮ್ಮನಿಗಿಂತ ನಾಲ್ಕಾರು ವರ್ಷ ಚಿಕ್ಕವಳು, ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ಗೆಳತಿ. ಅಡಿಕೆ ಕತ್ತರಿಸುತ್ತಿದ್ದ ಅವಳ ಕೈ ನಿಂತಿತು.

"ಅಂಬಮ್ಮಾ, ನಮ್ಮಿಬ್ಬರ ಗ್ವಾಡ್ಯಾಗಿನ ಕಿಂಡಿ ನಿನಗ ಮರತೈತೇನು? ನಿನ್ನ ಅತ್ತಿ ಅಡ್ಡಾದ ಕೂಡ್ಲೆ ಕೈ ಚಾಚಾಕಿ ನೀ. ಶೇಂಗಾ, ಬೆಲ್ಲಾ ಇಡಾಕಿ ನಾ. ಈ ಕರಿಬಸಯ್ಯ ಯಾರ ಶೇಂಗಾದಾಗ ಬೆಳದಾನಂತ ತಿಳದೀ?"

ಅಂಬಮ್ಮ ಗೆಳತಿಯನ್ನು ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ಅವಳ ಹೆಗಲು ಅಲುಗತೊಡಗಿದವು. ಅಳುತ್ತಿದ್ದಾಳೆಂದು ಶಿವಕುಮಾರಿ ಹತ್ತಿರ ಸರಿದರೆ, ಮುದುಕಿ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

"ನೀರೂ ಕೊಟ್ಟಿದ್ದಿ, ತಂಬಿಗಿ ತುಂಬ," ಅಂದಳು. "ಅದನ್ಯಾಕ ಬಿಟ್ಟೀ?"

ಅಲ್ಲಿಗೆ ಯುದ್ಧ ಮುಗಿಯಿತು. ಮರುದಿನ ಅಂಬಮ್ಮ ತಾನೇ ಕುಳಿತು ತಿನ್ನುವ ಅಂಟು, ಉತ್ತತ್ತಿ, ಕೊಬ್ಬರಿ ಹುರಿಸಿ ಉಂಡೆ ಕಟ್ಟಿಸಿದಳು, ಸಬ್ಬಸಗಿ ಸೊಪ್ಪು ತರಿಸಿದಳು. ಜುಬೇದಾಬೀ ದಿನಾ ಹುರಿದ ಶೇಂಗಾ ತಂದು, ಈ ಸಲ ಕಿಂಡಿಯ ಮೂಲಕವಲ್ಲ, ಬಾಗಿಲಿನಿಂದಲೇ ಕೊಡುತ್ತಿದ್ದಳು. ಲಸಿಕೆಯ ದಿನ ಪದ್ಮಾವತಿ ಕೂಸನ್ನು ತೂಗಿ, ತೂಕ ಇನ್ನೂ ಸ್ವಲ್ಪ ಏರಬೇಕೆಂದಳು. ಸಕ್ಕರೆ ನೀರಿನ ಸಂಗತಿ ಕೇಳಿ ಶಿವಕುಮಾರಿಗೆ ಮೆಲ್ಲಗೆ ಬೈದಳು. ಕೂಸು ಎಷ್ಟು ಹೀರುತ್ತದೋ ಅಷ್ಟು ಹಾಲು ಇಳಿಯುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿದರೆ ಅದು ಯಾಕೆ ಹೀರೀತು ಎಂದು ವಿವರಿಸಿದಳು. ಅತ್ತಾಗಲೆಲ್ಲ ಎದೆಗೆ ಹಾಕಿಕೊಳ್ಳಿ, ಗಡಿಯಾರ ನೋಡಬೇಡಿ, ತಾಯಿ ಬಾಯಾರಿದಾಗಲೆಲ್ಲ ನೀರು ಕುಡಿಯಲಿ ಎಂದಳು. ಚಮಚ ಗೂಡು ಸೇರಿತು. ಪಂಪಾಪತಿ ಮುಂದಿನ ಸಲ ಬಂದಾಗ ಡಬ್ಬಿಯನ್ನು ಹೇಗೆ ತಂದಿದ್ದನೋ ಹಾಗೆಯೇ ಅಂಗಡಿಗೆ ಹಿಂತಿರುಗಿಸಲು ಒಯ್ದ. ಕೆಲವೇ ವಾರಗಳಲ್ಲಿ ಕೂಸಿನ ಮಣಿಕಟ್ಟಿನಲ್ಲಿ ದಾರ ಕಟ್ಟಿದಂಥ ಗೆರೆಗಳು ಮೂಡಿದವು. ತೊಟ್ಟಿಲಿಗೆ ಹಾಕಿ ಬಸವಶ್ರೀ ಎಂದು ಹೆಸರಿಟ್ಟರು. ಆದರೂ ಮನೆಯಲ್ಲಿ ಎಲ್ಲರಿಗೂ ಅದು ಕೂಸೇ.

ಗದ್ದೆಗಳಲ್ಲಿ ಭತ್ತ ಮೊಳಕಾಲೆತ್ತರ ನಿಂತಿತು. ಕೂಸು ಒರಗಿಕೊಂಡು ಕೂಡಲು ಕಲಿಯಿತು. ಯಾರಾದರೂ ಉಣ್ಣುತ್ತಿದ್ದರೆ ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ ಅದರ ಕಣ್ಣು ಓಡಾಡುತ್ತಿತ್ತು. ಕರಿಬಸಯ್ಯ ಕಾಯುತ್ತಿದ್ದ ದಿನ ಹತ್ತಿರ ಬಂದಿತ್ತು. ಆರು ತಿಂಗಳು ತುಂಬಿದ ಬೆಳಿಗ್ಗೆ ಅವನು ಸ್ನಾನ ಮಾಡಿ, ವಿಭೂತಿ ಧರಿಸಿ, ಹೊಸ ಪಾತ್ರೆಯಲ್ಲಿ ಅಕ್ಕಿಯ ಪಾಯಸ ಮಾಡಿದ. ಕೆನೆಹಾಲು, ಅರೆದ ಬಾದಾಮಿ, ಏಲಕ್ಕಿ, ಕೈ ತುಂಬ ಸಕ್ಕರೆ, ಮೇಲೆ ತೇಲುವಷ್ಟು ತುಪ್ಪ. ಸುತ್ತ ಎಲ್ಲರೂ ಕುಳಿತರು. ಬೆಳ್ಳಿಯ ಚಮಚ ಕೂಸಿನ ಬಾಯಿಗೆ ಹೋಯಿತು. ಕೂಸು ಒಂದು ಕ್ಷಣ ಯೋಚಿಸಿತು, ಹುಬ್ಬು ಗಂಟಿಕ್ಕಿತು, ನಾಲಿಗೆಯಿಂದ ಎಲ್ಲವನ್ನೂ ನಿಧಾನವಾಗಿ ಹೊರಗೆ ತಳ್ಳಿ ಅಜ್ಜನ ಶುಭ್ರ ಅಂಗಿಯ ಮೇಲೆ ಬಿಟ್ಟಿತು.

ಮರುದಿನ ರವೆಯ ಗಂಜಿ, ಅದಾದ ಮೇಲೆ ಬಾಳೆಹಣ್ಣಿನ ಶಿಕರಣಿ, ಅದಾದ ಮೇಲೆ ಸಜ್ಜೆಯ ಹಿಟ್ಟಿನ ಹಾಲುಹುಗ್ಗಿ. ಎಲ್ಲವೂ ಅಂಗಿಗೇ. ಸುದ್ದಿ ಪಡಸಾಲೆಗೆ ಹಬ್ಬಿತು. ಊಟಕ್ಕೆ ಬಂದವರು ಕೈ ತೊಳೆಯುವ ಮೊದಲು, ಇವತ್ತು ಉಂಡಳೇನು ಎಂದು ಕೇಳತೊಡಗಿದರು. ಬ್ಯಾಂಕಿನವರು ಬಾಳೆಹಣ್ಣು ಬದಲಿಸಿ ನೋಡು ಎಂದರು. ಲಾರಿ ಚಾಲಕನೊಬ್ಬ ತಮ್ಮ ಕಡೆ ಮಕ್ಕಳಿಗೆ ಕೊಡುವ ಮದ್ದಿನ ಹೆಸರು ಹೇಳಿದ. ಪರ್ವೇಜ್ ಮಾತ್ರ ರೊಟ್ಟಿ ಮುರಿಯುತ್ತ, ತನ್ನ ಮಗನೂ ಹೀಗೇ ಮಾಡಿದ್ದ, ಈಗ ನೋಡು ಮನೆಯಲ್ಲಿ ಏನೂ ಉಳಿಸುವುದಿಲ್ಲ ಎಂದು ಸಮಾಧಾನ ಹೇಳಿದ. ಕರಿಬಸಯ್ಯನಿಗೆ ಸಮಾಧಾನವಾಗಲಿಲ್ಲ. ಇಷ್ಟು ವರ್ಷದಲ್ಲಿ ಅವನ ಕೈಯಡುಗೆಯನ್ನು ಉಗುಳಿದ ಗಿರಾಕಿ ಇದೊಂದೇ. ಅವನು ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟ.

ಕೊನೆಗೆ ಅನುಪಮಾ ತಂದೆಯನ್ನೂ ಕೂಸನ್ನೂ ಪದ್ಮಾವತಿಯ ಬಳಿಗೆ ಕರೆದುಕೊಂಡು ಹೋದಳು. ಪದ್ಮಾವತಿ ಎಲ್ಲ ಕೇಳಿ, ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು.

"ಅದು ಉಗುಳೂದಲ್ಲರೀ ಅಜ್ಜಾರ. ಇಷ್ಟು ದಿನಾ ಆಕಿ ನಾಲಿಗಿ ಹೀರೂದಷ್ಟ ಕಲತೈತಿ. ಈಗ ಒಳಗ ತಳ್ಳೂದು ಕಲೀಬೇಕು. ಇವತ್ತು ಬ್ಯಾಡಂದದ್ದು ಬರೂ ವಾರ ಬೇಕಂತಾಳ, ಮತ್ತ ಮತ್ತ ಇಡ್ರಿ, ಜುಲುಮಿ ಮಾಡಬ್ಯಾಡ್ರಿ. ತಾಯಿ ಹೊಟ್ಟ್ಯಾಗಿಂದ ಕಟಗೊಂಡು ಬಂದ ಕಬ್ಬಿಣಾಂಶದ ಬುತ್ತಿ ಈಗ ತೀರಾಕತ್ತಿರತೈತಿ. ಹಾಲು ಬೇಕೇ ಬೇಕು, ಆದ್ರ ಅದೊಂದ ಸಾಲಂಗಿಲ್ಲ."

ಅನ್ನ, ಹೆಸರುಬೇಳೆ, ಒಂದೆಲೆ ಸೊಪ್ಪು ಚೆನ್ನಾಗಿ ಬೇಯಿಸಿ ಹಿಸುಕಿ, ಒಂದು ಹನಿ ತುಪ್ಪ ಬಿಟ್ಟರೆ ಸಾಕು ಎಂದಳು. ಚಮಚ ಓರೆ ಮಾಡಿದರೆ ಜಾರಿಬಿಡುವಷ್ಟು ತೆಳು ಬೇಡ, ಅದರಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ತುಂಬುವುದಿಲ್ಲ. ವರ್ಷ ತುಂಬುವವರೆಗೆ ಸಕ್ಕರೆ ಬೇಡ, ಉಪ್ಪೂ ಬೇಡ.

ಉಪ್ಪು ಬೇಡ ಎಂಬ ಮಾತು ಕರಿಬಸಯ್ಯನ ಕಿವಿಯಲ್ಲಿ ದಾರಿಯುದ್ದಕ್ಕೂ ಉಳಿಯಿತು. ಉಪ್ಪಿಲ್ಲದೆ ಅವನು ಜೀವನದಲ್ಲಿ ಏನನ್ನೂ ಬೇಯಿಸಿರಲಿಲ್ಲ. ಮರುದಿನ ಪುಟ್ಟ ಪಾತ್ರೆಯನ್ನು ಒಲೆಗೆ ಇಟ್ಟ. ನೀರು ಕುದಿಯುತ್ತಿದ್ದಂತೆ ಅವನ ಬಲಗೈ ತಾನಾಗಿಯೇ ಹೋಗಿ ಉಪ್ಪಿನ ಭರಣಿಯಿಂದ ಒಂದು ಚಿಟಿಕೆ ಉದುರಿಸಿಬಿಟ್ಟಿತ್ತು. ಆ ನೀರು ಚೆಲ್ಲಿ ಬೇರೆ ನೀರು ಇಟ್ಟ. ಮತ್ತೆ ಕೈ ಹೋಯಿತು. ಶಿವಕುಮಾರಿ ಭರಣಿಯನ್ನೇ ಎತ್ತಿಕೊಂಡು ಹಿಂದಿನ ಕೋಣೆಗೆ ನಡೆದಳು. ಅಷ್ಟು ವರ್ಷದ ಸಂಸಾರದಲ್ಲಿ ಗಂಡನ ಅಡುಗೆಮನೆಯಿಂದ ಏನನ್ನಾದರೂ ಕಸಿದುಕೊಂಡದ್ದು ಅದೇ ಮೊದಲು, ಅದಕ್ಕೆ ಅವಳಿಗೆ ಬಹಳ ಖುಷಿಯಾಗಿತ್ತು.

ಅನ್ನ, ಬೇಳೆ, ರಾಜಗಿರಿಯ ಎಲೆ ಮೆತ್ತಗೆ ಬೆಂದವು. ಒರಳಲ್ಲಿ ಅರೆದು, ಅಡುಗೆಯವನ ರೂಢಿಯಂತೆ ಬೆರಳ ತುದಿಯಲ್ಲಿ ಒಂದಿಷ್ಟು ನಾಲಿಗೆಗೆ ಇಟ್ಟುಕೊಂಡ. ಸಪ್ಪೆ. ಮುಖ ಕಿವುಚಿತು. ಇದನ್ನು ಉಣ್ಣು ಎಂದು ಹೇಗೆ ಕೊಡಲಿ ಎಂದು ಅಲ್ಲೇ ನಿಂತ. ನುಂಗದೆ ಹಾಗೆಯೇ ಬಾಯಲ್ಲಿ ಇಟ್ಟುಕೊಂಡ. ತುಸು ಹೊತ್ತಿನಲ್ಲಿ ನಾಲಿಗೆಯ ಬದಿಯಲ್ಲಿ ಏನೋ ಸಣ್ಣದಾಗಿ ಸಿಹಿಯಾಯಿತು. ಅದು ಅಕ್ಕಿಯದೇ ಸಿಹಿ. ಅದರ ಹಿಂದೆ ಹೆಸರುಬೇಳೆಯ ಹಸಿ ಹುಲ್ಲಿನಂಥ ಪರಿಮಳ, ಸೊಪ್ಪಿನ ಮಣ್ಣಿನ ವಾಸನೆ. ಮುಕ್ಕುಂದ ಹಳ್ಳಿಯ ಗದ್ದೆಯಿಂದ ಬರುವ ಆ ಅಕ್ಕಿಯನ್ನು ಅವನು ದಿನಾ ಚೀಲಗಟ್ಟಲೆ ಬೇಯಿಸುತ್ತಿದ್ದ. ಅದರ ರುಚಿ ಏನೆಂದು ಅವನಿಗೆ ತಿಳಿದದ್ದು ಆವತ್ತು. ಇನ್ನೊಂದು ಬೆರಳು ನೆಕ್ಕಿದ. ಮತ್ತೊಂದು. ಶಿವಕುಮಾರಿ ಬಂದು, ಅದು ಕೂಸಿನದು ಎಂದು ನೆನಪಿಸಬೇಕಾಯಿತು.

ಕೂಸು ಅಂದೂ ಹೊರಗೆ ತಳ್ಳಿತು, ಆದರೆ ಸ್ವಲ್ಪ ಒಳಗೂ ಹೋಯಿತು. ಕರಿಬಸಯ್ಯ ಬೇಜಾರು ಮಾಡಿಕೊಳ್ಳಲಿಲ್ಲ. ಹಾಗೇ ಕೆಲವು ದಿನ ನಡೆಯಿತು. ಒಂದು ದಿನ ಅನುಪಮಾ ಕೂಸನ್ನು ಅಜ್ಜಿ ಅಂಬಮ್ಮನ ತೊಡೆಯ ಮೇಲೆ ಕೂರಿಸಿ ಬಟ್ಟೆ ಒಣಹಾಕಲು ಹೋದಳು. ಬಟ್ಟಲು ಪಕ್ಕದಲ್ಲೇ ಇತ್ತು. ಅಂಬಮ್ಮನಿಗೆ ಏನನ್ನಿಸಿತೋ, ಒಂದು ಚಮಚ ತಾನು ಬಾಯಿಗೆ ಇಟ್ಟುಕೊಂಡು, ಬೊಚ್ಚುಬಾಯಲ್ಲಿ ಚಪ್ಪರಿಸತೊಡಗಿದಳು. ಕೂಸು ಆ ಬಾಯಿಯನ್ನೇ ನೋಡಿತು. ಅದರ ಬಾಯೂ ಹಾಗೆಯೇ ಆಡತೊಡಗಿತು. ಅಂಬಮ್ಮ ಇನ್ನೊಂದು ಚಮಚ ಅದಕ್ಕೆ ಕೊಟ್ಟಳು. ಒಳಗೆ ಹೋಯಿತು. ಮತ್ತೆ ಬಾಯಿ ತೆರೆಯಿತು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಕರಿಬಸಯ್ಯ ಅಲ್ಲಿಂದಲೇ ನೋಡಿದ. ಬಟ್ಟಲು ಬರಿದಾಗುವವರೆಗೆ ಅಜ್ಜಿಗೊಂದು, ಕೂಸಿಗೊಂದು.

ಕರಿಬಸಯ್ಯ ನೋಡಿದ್ದು ಕೂಸನ್ನಷ್ಟೇ ಅಲ್ಲ. ತಾಯಿ ಎಷ್ಟು ಆಸೆಯಿಂದ ಉಣ್ಣುತ್ತಿದ್ದಾಳೆ ಎಂಬುದನ್ನೂ ನೋಡಿದ. ಅವಳ ಹಸಿವು ಹೋಗಿರಲಿಲ್ಲ, ಹಲ್ಲು ಹೋಗಿದ್ದವು ಅಷ್ಟೆ. ಮರುದಿನದಿಂದ ಪುಟ್ಟ ಪಾತ್ರೆಯ ಜಾಗಕ್ಕೆ ನಡುಗಾತ್ರದ್ದು ಬಂತು. ಕೂಸಿನ ಪಾಲು ತೆಗೆದಿಟ್ಟ ಮೇಲೆ ಉಳಿದದ್ದಕ್ಕೆ ತುಸು ಉಪ್ಪು, ಜೀರಿಗೆಯ ಒಗ್ಗರಣೆ, ಬೇಳೆ ಇನ್ನೊಂದು ಹಿಡಿ, ಮೇಲೆ ಮೊಸರು. ವಯಸ್ಸಾದವರಿಗೆ ಊಟದ ಅಳತೆ ಕಡಿಮೆಯಾದರೂ ಬೇಳೆ, ಹಾಲು ಕಡಿಮೆಯಾಗಬಾರದು, ಇಲ್ಲವಾದರೆ ತೋಳಿನ ಬಲ ಕರಗಿ ಹೋಗುತ್ತದೆ ಎಂದು ಪದ್ಮಾವತಿ ಹೇಳಿದ್ದಳು. ಅಂಬಮ್ಮ ಮೊದಲು, ನನಗೇಕೆ ಬೇರೆ ಅಡುಗೆ ಎಂದು ಬಿಗುಮಾನ ತೋರಿದಳು. ಕೂಸು ಉಣ್ಣಬೇಕಾದರೆ ನೀನೂ ಉಂಡು ತೋರಿಸಬೇಕು ಎಂದು ಮಗ ನೆಪ ಕೊಟ್ಟ. ಆ ನೆಪ ಇಬ್ಬರಿಗೂ ಹಿಡಿಸಿತು. ದೀಪಾವಳಿಯ ಹೊತ್ತಿಗೆ ಮುದುಕಿ ಕೋಲು ಹಿಡಿಯದೆ ಜುಬೇದಾಬೀಯ ಮನೆಯವರೆಗೆ ನಡೆದು ಹೋಗಿ ಬರುತ್ತಿದ್ದಳು.

ರಜೆ ಮುಗಿದು ಅನುಪಮಾ ಮಸ್ಕಿಗೆ ಹೊರಟಳು. ಕರಿಬಸಯ್ಯನಿಗೆ ಮನೆ ಬಿಕೋ ಅನ್ನಿಸಿತು. ಸೋಮವಾರ ಖಾನಾವಳಿಗೆ ಬಿಡುವು. ಅಂದು ಬೆಳಿಗ್ಗೆಯೇ ಬುತ್ತಿಡಬ್ಬಿ ಕಟ್ಟಿಕೊಂಡು ಬಸ್ ಹತ್ತುವುದು ರೂಢಿಯಾಯಿತು. ಡಬ್ಬಿಯ ಮೇಲಿನ ಅಂತಸ್ತು ಮೊಮ್ಮಗಳದು, ಕೆಳಗಿನದು ಮಗಳದು. ಶಾಲೆಗೂ ಹೋಗುತ್ತ ಹಾಲನ್ನೂ ಕೊಡುವ ಅವಳಿಗೆ ಶೇಂಗಾ ಉಂಡೆ, ಮೊಳಕೆಕಾಳು ತಪ್ಪದೆ ಹೋಗುತ್ತಿದ್ದವು. ಕೂಸಿನ ಅಂತಸ್ತು ಮಾತ್ರ ತಿಂಗಳಿಗೊಂದು ರೂಪ ಬದಲಿಸಿತು. ಅರೆದದ್ದು ಹೋಗಿ ಕೈಯಲ್ಲಿ ಹಿಸುಕಿದ್ದು ಬಂತು, ಆಮೇಲೆ ಬೆಂದ ಗಜ್ಜರಿಯ ಸಣ್ಣ ತುಂಡು, ಆಮೇಲೆ ಬೇಳೆಯಲ್ಲಿ ನೆನೆದ ಮೆತ್ತನೆಯ ರೊಟ್ಟಿ. ಹೋದ ವಾರ ಸರಿ ಇದ್ದದ್ದು ಈ ವಾರ ಅವಳಿಗೆ ಸಾಲುತ್ತಿರಲಿಲ್ಲ. ಕರಿಬಸಯ್ಯ ಬಸ್ಸಿನಲ್ಲಿ ಕುಳಿತು ಕೊಯ್ಲಾದ ಗದ್ದೆಗಳನ್ನು ನೋಡುತ್ತ, ಮುಂದಿನ ಸೋಮವಾರಕ್ಕೆ ಏನು ಮಾಡಲಿ ಎಂದು ಯೋಚಿಸುತ್ತಿದ್ದ. ಪಕ್ಕದಲ್ಲಿ ಯಾರು ಕುಳಿತರೂ ಆ ಯೋಚನೆಯ ಅರ್ಧ ಪಾಲು ಅವರಿಗೂ ಸಿಗುತ್ತಿತ್ತು.

ಖಾನಾವಳಿಯಲ್ಲೂ ಬದಲಾವಣೆ ಬಂತು. ಒಲೆಯ ಮೂಲೆಯಲ್ಲಿ ಈಗ ಯಾವಾಗಲೂ ಒಂದು ಪಾತ್ರೆ ಮೆತ್ತನೆಯ ಬೇಳೆ-ಅನ್ನ ಇರುತ್ತದೆ, ಅರ್ಧ ಉಪ್ಪಿಲ್ಲದ್ದು, ಅರ್ಧ ಉಪ್ಪಿರುವುದು. ಆಸ್ಪತ್ರೆಗೆ ಬಂದ ಹಳ್ಳಿಯ ತಾಯಂದಿರು ಮಡಿಲಲ್ಲಿ ಮಗು ಇಟ್ಟುಕೊಂಡು ಕುಳಿತರೆ ಮೊದಲು ಸಣ್ಣ ಬಟ್ಟಲು ಬರುತ್ತದೆ. ಹಾಲುಣಿಸುವ ಹೆಂಗಸರಿಗೆ ರೊಟ್ಟಿ ಬೇಕೇ ಎಂದು ಕೇಳುವ ಪದ್ಧತಿ ಇಲ್ಲ, ಬೀಳುತ್ತಲೇ ಇರುತ್ತದೆ. ಹಾಸ್ಟೆಲಿನ ಹುಡುಗಿಯರಿಗೆ ಸೊಪ್ಪಿನ ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ ಕೊಡುತ್ತಾನೆ. ತನ್ನ ತಟ್ಟೆಗೂ ಉಪ್ಪು ಕಡಿಮೆ ಮಾಡಿಕೊಂಡಿದ್ದಾನೆ. ರಕ್ತದ ಒತ್ತಡ ನೋಡಿ ಪದ್ಮಾವತಿ ಹೇಳಿದ ಮಾತದು, ಆದರೆ ಯಾರಾದರೂ ಕೇಳಿದರೆ ಅಕ್ಕಿಯ ರುಚಿ ತಿಳಿಯಲೆಂದು ಎನ್ನುತ್ತಾನೆ. ಎಲ್ಲರಿಗೂ ಒಂದೇ ಅಡುಗೆ ಎಂಬ ನಿಯಮ ಏನಾಯಿತು ಎಂದು ಪರ್ವೇಜ್ ಒಮ್ಮೆ ಛೇಡಿಸಿದ್ದಕ್ಕೆ, ಎಲ್ಲರಿಗೂ ಒಂದೇ ಹೊಟ್ಟೆ ಇಲ್ಲವಲ್ಲ ಎಂದು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಎಸೆದ.

ಮತ್ತೆ ಬೇಸಿಗೆ ಬಂತು. ಮೊಮ್ಮಗಳಿಗೆ ವರ್ಷ ತುಂಬಿದ ಮೇಲೆ, ಶಾಲೆಗೂ ಕಚೇರಿಗೂ ರಜೆಯಿದ್ದ ಒಂದು ಸೋಮವಾರ, ಕರಿಬಸಯ್ಯ, ಶಿವಕುಮಾರಿ, ಅಂಬಮ್ಮ ಮೂವರೂ ಮಸ್ಕಿಯ ಬಸ್ ಹತ್ತಿದರು. ಮಧ್ಯಾಹ್ನ ಪಂಪಾಪತಿಯ ಮನೆಯ ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತರು. ಬಸವಶ್ರೀಗೂ ಈ ಸಲ ತನ್ನದೇ ತಟ್ಟೆ, ಎಲ್ಲರಿಗೆ ಮಾಡಿದ್ದರಲ್ಲೇ ಖಾರ ಹಾಕುವ ಮೊದಲು ತೆಗೆದಿಟ್ಟ ಪಾಲು. ಕರಿಬಸಯ್ಯ ಅವಳ ಮುಂದೆ ಮೊಳಕಾಲೂರಿ, ರೊಟ್ಟಿಯನ್ನು ಪಪ್ಪಿನಲ್ಲಿ ಕಲಸಿ ತುತ್ತು ಎತ್ತಿದ. ಅವಳು ಆ ಕೈಯನ್ನು ತನ್ನ ಪುಟ್ಟ ಅಂಗೈಯಿಂದ ದೂಡಿದಳು. ಮತ್ತೆ ಎತ್ತಿದ, ಮತ್ತೆ ದೂಡಿದಳು. ಆಮೇಲೆ ಎರಡೂ ಕೈ ತಟ್ಟೆಗೆ ಹಾಕಿ, ಮುಷ್ಟಿ ತುಂಬ ಕಲಸಿದ ರೊಟ್ಟಿಯನ್ನು ಎತ್ತಿ ಬಾಯಿಗೆ ಒತ್ತಿಕೊಂಡಳು. ಅರ್ಧ ಒಳಗೆ, ಅರ್ಧ ಗಲ್ಲದ ಮೇಲೆ. ಅಂಬಮ್ಮ ತನ್ನ ತಟ್ಟೆಯಿಂದ ತಲೆಯೆತ್ತಿ ಮೆಚ್ಚಿಗೆಯಿಂದ ನೋಡಿದಳು.

ಕರಿಬಸಯ್ಯ ಎತ್ತಿದ ತುತ್ತನ್ನು ಹಾಗೇ ಹಿಡಿದುಕೊಂಡು ಕುಳಿತಿದ್ದ.

"ನೀ ಉಣ್ಣಪ್ಪಾ," ಅಂದಳು ಅನುಪಮಾ, ಅವನ ಮುಂದೆ ತಟ್ಟೆ ಸರಿಸಿ. "ಆಕಿ ತಾನ ಉಣ್ತಾಳ."

ಹೆಂಚಿನಿಂದ ಈಗಷ್ಟೇ ಇಳಿದ, ಉಬ್ಬಿದ ರೊಟ್ಟಿಯೊಂದನ್ನು ಮಗಳು ಅವನ ತಟ್ಟೆಗೆ ಹಾಕಿದಳು. ದಿನಾ ಎಲ್ಲರೂ ಎದ್ದ ಮೇಲೆ ತಣ್ಣಗಾದದ್ದನ್ನು ಉಣ್ಣುವ ರೂಢಿಯವನು ಅವನು. ಬಿಸಿ ರೊಟ್ಟಿ ಮುರಿಯುವಾಗ ಬೆರಳು ಸುಟ್ಟಿತು. ಬೆರಳಿಗೆ ಉಫ್ ಎಂದು ಊದಿ, ನಗುತ್ತ, ಮೊಮ್ಮಗಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಉಣ್ಣತೊಡಗಿದ.